ಸಸ್ಯವಿಜ್ಞಾನ ಓದಿ ಆಹಾರ ಅಥವಾ ನಾರು-ಪ್ಲಾಸ್ಟಿಕ್ ಕಡೆ ಕೆಲಸ ಮಾಡಬೇಕು: ಎಲ್ಲಿಂದ ಶುರು ಮಾಡಲಿ?

ಚಿಗುರೆಲೆ

ಎಲ್ಲರಿಗೂ ನಮಸ್ಕಾರ. ಪದವಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಸ್ನಾತಕೋತ್ತರಕ್ಕೆ ಯಾವ ವಿಭಾಗ ಹಿಡಿಯಬೇಕು ಅನ್ನೋದೇ ಈಗಿನ ತಲೆಬಿಸಿ. ಆಸೆ ಮಾತ್ರ ಸ್ಪಷ್ಟವಾಗಿದೆ. ಮಣ್ಣು, ನೀರು ಕೆಡದ ಹಾಗೆ ಆಹಾರ ಬೆಳೆಯೋದು, ಇಲ್ಲವೇ ಪೆಟ್ರೋಲಿಯಂನಿಂದ ಮಾಡುವ ವಸ್ತುಗಳನ್ನು ಗಿಡದಿಂದ ಮಾಡೋದು, ಇವೆರಡರಲ್ಲಿ ಒಂದರ ಮೇಲೆ ಕೆಲಸ ಮಾಡಬೇಕು.

ಸೀನಿಯರ್ ಒಬ್ಬರು "ಜೀನ್ ಎಡಿಟಿಂಗ್ ಕಲಿ, ಮಿಕ್ಕಿದ್ದೆಲ್ಲ ಹಳೇದು" ಅಂದರು. ಇನ್ನೊಬ್ಬರು "ಕಂಪ್ಯೂಟರ್ ಕಲಿ, ಗಿಡ ಮುಟ್ಟೋದೇ ಬೇಡ" ಅಂದರು. ನನಗೆ ಗಿಡ ಮುಟ್ಟೋದೇ ಇಷ್ಟ! ಆಹಾರದ ದಾರಿ ಬೇರೆ, ವಸ್ತುಗಳ ದಾರಿ ಬೇರೆಯಾ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ.

ಡೇಟಾಹುಳ

ನಾನು ಜೀನೋಮ್ (ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ) ಕಡೆಯವನು, ಹಾಗಾಗಿ ನನ್ನ ಓಟು ಅತ್ತಲೇ. ಒಂದು ಗಿಡದ ಜೀನೋಮ್ ಮೊದಲ ಸಲ ಓದಿ ಮುಗಿಸಿದ್ದು 2000ದಲ್ಲಿ. ಅರಬಿಡಾಪ್ಸಿಸ್ ಅನ್ನೋ ಸಾಸಿವೆ ಕುಟುಂಬದ ಪುಟ್ಟ ಕಳೆ ಅದು. ಗೋಧಿಯದ್ದು ಅದಕ್ಕಿಂತ ನೂರು ಪಟ್ಟಿಗೂ ದೊಡ್ಡದು, ಒಂದರೊಳಗೆ ಮೂರು ಜೀನೋಮ್ ಕೂತಿವೆ. ಅದರ ಪಕ್ಕಾ ಆವೃತ್ತಿ ಬಂದದ್ದು 2018ರಲ್ಲಿ. ಈಗ ಡೇಟಾ ರಾಶಿ ಬಿದ್ದಿದೆ, ಅರ್ಥ ಮಾಡುವವರು ಕಡಿಮೆ. ಆರ್ ಅಥವಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಸ್ವಲ್ಪ ಅಂಕಿಅಂಶ ಶಾಸ್ತ್ರ ಕಲಿತರೆ ಯಾವ ಲ್ಯಾಬ್ ಆದರೂ ಕರೆದು ಕೂರಿಸಿಕೊಳ್ಳುತ್ತದೆ.

ಬೇರುಗಂಟು

@ಚಿಗುರೆಲೆ, ಗಿಡ ಮುಟ್ಟೋದು ಇಷ್ಟ ಅಂದಿರಲ್ಲ, ಅದನ್ನು ಬಿಡಬೇಡಿ. ನಾನು ಸಸ್ಯಗಳ ಶರೀರಕ್ರಿಯೆ ಪಾಠ ಮಾಡುವವಳು, ಪಕ್ಷಪಾತ ಇದ್ದೇ ಇದೆ.

ನನ್ನ ಪ್ರಕಾರ ಆಹಾರ, ವಸ್ತು ಅಂತ ಎರಡು ದಾರಿ ಇಲ್ಲ. ಎಲೆ ಹಿಡಿದ ಇಂಗಾಲ ಒಂದೇ. ಅದು ಕಾಳಿಗೆ ಹೋಯಿತಾ, ಕಾಂಡಕ್ಕಾ, ಬೇರಿಗಾ, ಎಣ್ಣೆಗಾ ಅನ್ನೋದಷ್ಟೇ ಪ್ರಶ್ನೆ. ಒಂದೇ ಸಂಬಳದಲ್ಲಿ ಬಾಡಿಗೆ, ದಿನಸಿ, ಫೀಸು ಎಲ್ಲ ಹೊಂದಿಸುವ ಸಂಸಾರದ ಹಾಗೆ. ಒಂದು ಕಡೆ ಜಾಸ್ತಿ ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಬೀಳುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಜೀನ್ ಎಡಿಟಿಂಗ್ ಕಲಿತರೆ ಕತ್ತರಿ ಕೈಲಿರುತ್ತದೆ, ಎಲ್ಲಿ ಕತ್ತರಿಸಬೇಕು ಅಂತ ಗೊತ್ತಿರೋದಿಲ್ಲ.

ಮೊದಲು ಆದಾಯದ ಕಡೆ ನೋಡೋಣ. ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ಭತ್ತ, ಗೋಧಿಯಂಥ ಸಿ3 ಗಿಡಗಳು ಸಿದ್ಧಾಂತದ ಪ್ರಕಾರ ಹೆಚ್ಚೆಂದರೆ ಸುಮಾರು 4.6% ಶಕ್ತಿಯನ್ನು ತಮ್ಮ ಒಡಲಿಗೆ ಹಾಕಿಕೊಳ್ಳಬಹುದು. ಮೆಕ್ಕೆಜೋಳ, ಕಬ್ಬಿನಂಥ ಸಿ4 ಗಿಡಗಳಿಗೆ ಸುಮಾರು 6%. ಹೊಲದಲ್ಲಿ ಇಡೀ ಬೆಳೆಯ ಕಾಲಕ್ಕೆ ಲೆಕ್ಕ ಹಾಕಿದರೆ ಅದರ ಅರ್ಧವೂ ಸಿಗೋದು ಕಷ್ಟ.

ಯಾಕೆ ಇಷ್ಟು ಕಡಿಮೆ? ಒಂದು ದೊಡ್ಡ ಕಾರಣ ರುಬಿಸ್ಕೊ. ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ಇದು. ಬಹಳ ನಿಧಾನ, ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣು ಮಾತ್ರ ಹಿಡಿಯುತ್ತದೆ. ಸಾಲದ್ದಕ್ಕೆ ಆಗಾಗ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಹಾಗಾದಾಗ ಗಿಡ ಶಕ್ತಿ ಖರ್ಚು ಮಾಡಿ ಅದನ್ನು ಸರಿಪಡಿಸಬೇಕು, ಆ ದಾರಿಯಲ್ಲಿ ಹಿಡಿದಿದ್ದ ಇಂಗಾಲವೂ ಸ್ವಲ್ಪ ಕೈತಪ್ಪುತ್ತದೆ. ಬಿಸಿಲು ಏರಿದಷ್ಟೂ ಈ ನಷ್ಟ ಜಾಸ್ತಿ. ಸಿ4 ಗಿಡಗಳು ರುಬಿಸ್ಕೊ ಸುತ್ತ ಇಂಗಾಲದ ಡೈಆಕ್ಸೈಡ್ ಒತ್ತಾಗಿ ಸೇರುವ ಹಾಗೆ ಮಾಡಿ ಇದರಿಂದ ತಪ್ಪಿಸಿಕೊಂಡಿವೆ. ಈ ಉಪಾಯ ಬೇರೆ ಬೇರೆ ಗಿಡಗಳ ವಂಶದಲ್ಲಿ 60ಕ್ಕೂ ಹೆಚ್ಚು ಸಲ ಪ್ರತ್ಯೇಕವಾಗಿ ಹುಟ್ಟಿದೆ. ಪ್ರಕೃತಿಗೆ ಇಷ್ಟು ಸಲ ಸಾಧ್ಯವಾದದ್ದನ್ನು ಭತ್ತದಲ್ಲಿ ಮಾಡೋಣ ಅಂತ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 2008ರ ಹೊತ್ತಿಗೆ ಸಿ4 ಭತ್ತದ ಕೆಲಸಕ್ಕೆ ಕೈಹಾಕಿತು. ಇನ್ನೂ ರೈತರ ಗದ್ದೆಗೆ ಬಂದಿಲ್ಲ. ಎಲೆಯ ಅಂಗರಚನೆಯನ್ನೇ ಬದಲಿಸಬೇಕು, ಒಂದೆರಡು ಜೀನ್ ಆಟ ಅಲ್ಲ ಅದು.

ಸುಮ್ನೆ_ಕೇಳ್ದೆ

ಮೇಡಂ, ದ್ಯುತಿಸಂಶ್ಲೇಷಣೆ ತಿದ್ದಿ ಇಳುವರಿ 40% ಏರಿಸಿದರು ಅಂತ ಕೆಲವು ವರ್ಷದ ಹಿಂದೆ ಸುದ್ದಿ ಬಂದಿತ್ತಲ್ವಾ? ಆಮೇಲೆ ಸದ್ದೇ ಇಲ್ಲ. ಇಂಥ ಸುದ್ದಿ ನಂಬಿ ಮಕ್ಕಳು ಓದೋಕೆ ಸೇರಿ ಆಮೇಲೆ ಪರದಾಡೋದು ಬೇಡ ಅಂತ ಕೇಳ್ತಾ ಇದ್ದೀನಿ.

ತಳಿಗಾರ

ಅದು 2019ರ ಪ್ರಯೋಗ, ಅಮೆರಿಕದ ಇಲಿನಾಯ್‌ನಲ್ಲಿ ನಡೆದದ್ದು. ಬೇರುಗಂಟು ಮೇಡಂ ಹೇಳಿದ ಆ ರಿಪೇರಿ ದಾರಿಗೆ ಒಂದು ಹತ್ತಿರದ ಅಡ್ಡದಾರಿ ಕೊಟ್ಟರು. ಹೊಲದಲ್ಲೇ ಬೆಳೆಸಿ ನೋಡಿದರು, ಗಿಡದ ಒಣತೂಕ 40% ವರೆಗೂ ಜಾಸ್ತಿ ಬಂತು. ಫಲಿತಾಂಶ ನಿಜ. ಆದರೆ ಗಿಡ ಯಾವುದು? ಹೊಗೆಸೊಪ್ಪು. ಅದರಲ್ಲಿ ಜೀನ್ ಸೇರಿಸೋದು ಸುಲಭ, ಅದಕ್ಕೇ ಆರಿಸಿದ್ದು. ಹೊಗೆಸೊಪ್ಪಿನಲ್ಲಿ ಎಲೆಯೇ ಬೆಳೆ. ಒಣತೂಕ ಏರಿದರೆ ಇಳುವರಿ ಏರಿದ ಹಾಗೇ. ಕಾಳಿನ ಬೆಳೆಯಲ್ಲಿ ಜಾಸ್ತಿ ಬಂದ ಸಕ್ಕರೆ ಕಾಳಿಗೇ ಹೋಗಬೇಕು, ಕಾಳಿಗೆ ತುಂಬಿಕೊಳ್ಳುವ ಶಕ್ತಿಯೂ ಇರಬೇಕು.

2022ರಲ್ಲಿ ಅದೇ ಬಳಗ ಸೋಯಾದ ಫಲಿತಾಂಶ ಪ್ರಕಟಿಸಿತು. ಅಲ್ಲಿ ಬೇರೆ ಉಪಾಯ. ಬಿಸಿಲು ಜಾಸ್ತಿಯಾದಾಗ ಎಲೆ ಮಿಕ್ಕ ಬೆಳಕನ್ನು ಬಿಸಿಯಾಗಿ ಹೊರಹಾಕುತ್ತದೆ. ಮೋಡ ಬಂದ ಮೇಲೂ ಆ ವ್ಯವಸ್ಥೆ ಕೆಲವು ನಿಮಿಷ ನಿಲ್ಲೋದಿಲ್ಲ, ಅಷ್ಟು ಹೊತ್ತು ಬೆಳಕು ದಂಡ. ಅದು ಬೇಗ ನಿಲ್ಲುವ ಹಾಗೆ ತಿದ್ದಿದರು. ಒಂದು ಹಂಗಾಮಿನಲ್ಲಿ ಕಾಳಿನ ಇಳುವರಿ 33% ವರೆಗೂ ಏರಿತು. ಮುಂದಿನ ಹಂಗಾಮಿನಲ್ಲಿ ಗಾಳಿಮಳೆಗೆ ಗಿಡ ಮಲಗಿ ಅಂಥ ಏರಿಕೆ ಕಾಣಲಿಲ್ಲ. ಹೊಲ ಅಂದರೆ ಹಾಗೇ ಸಾರ್. ಪೇಪರ್‌ನವರು ಮೊದಲ ಹಂಗಾಮು ಬರೆದು ಎರಡನೆಯದನ್ನು ಬಿಟ್ಟರು ಅಷ್ಟೇ.

ಸುಮ್ನೆ_ಕೇಳ್ದೆ

ಇದು ಸರಿ. ಹೀಗೆ ಹೇಳಿದರೆ ನಂಬಬಹುದು.

ಬೇರುಗಂಟು

ತಳಿಗಾರರೇ, ಚೆನ್ನಾಗಿ ಬಿಡಿಸಿದಿರಿ. "ಗಿಡ ಮಲಗಿತು" ಅನ್ನೋದನ್ನು ಚಿಗುರೆಲೆ ಗಮನಿಸಲಿ, ಅಲ್ಲಿಂದಲೇ ವಸ್ತುಗಳ ಕಡೆಗೂ ಬಾಗಿಲು ತೆರೆಯುತ್ತದೆ.

1960ರ ದಶಕದ ಗಿಡ್ಡ ತಳಿಗಳ ಕಥೆ ಎಲ್ಲರಿಗೂ ಗೊತ್ತು. ಜಪಾನಿನ ನೋರಿನ್ 10 ಗೋಧಿಯಿಂದ ಬಂದ ಗಿಡ್ಡ ಜೀನ್‌ಗಳನ್ನು ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಬಳಸಿದರು. ಭತ್ತದಲ್ಲಿ ಐಆರ್8 ಬಂದದ್ದು 1966ರಲ್ಲಿ. ಗೊಬ್ಬರ ಹಾಕಿದರೆ ಎತ್ತರದ ತಳಿಗಳು ತೆನೆ ಭಾರಕ್ಕೆ ಮಲಗುತ್ತಿದ್ದವು, ಇವು ನಿಂತವು. ಆದರೆ ಒಳಗೆ ಏನಾಯಿತು? ಗಿಡವನ್ನು ಉದ್ದ ಮಾಡುವ ಹಾರ್ಮೋನು ಜಿಬ್ಬರೆಲಿನ್. ಐಆರ್8ರಲ್ಲಿ ಅದು ಕಡಿಮೆ ತಯಾರಾಗುತ್ತದೆ. ಗೋಧಿಯಲ್ಲಿ ತಯಾರಾದರೂ ಗಿಡ ಅದಕ್ಕೆ ಓಗೊಡುವುದಿಲ್ಲ. ಎರಡು ಬೇರೆ ರಿಪೇರಿ, ಫಲ ಒಂದೇ. ಕಾಂಡಕ್ಕೆ ಹೋಗುತ್ತಿದ್ದ ಇಂಗಾಲ ಕಾಳಿಗೆ ತಿರುಗಿತು. ಹಳೇ ಗೋಧಿಯಲ್ಲಿ ಒಟ್ಟು ಒಣತೂಕದ ಮೂರನೇ ಒಂದು ಪಾಲು ಕಾಳಾಗುತ್ತಿತ್ತು, ಹೊಸದರಲ್ಲಿ ಸುಮಾರು ಅರ್ಧ.

ಇದರ ಬೆಲೆ ಏನು? ಹುಲ್ಲು ಕಡಿಮೆಯಾಯಿತು, ಅದು ಕಣ್ಣಿಗೆ ಕಾಣುವ ಬೆಲೆ. ಕಾಣದ ಬೆಲೆ ಇನ್ನೊಂದಿದೆ. ಗಿಡವನ್ನು ಗಿಡ್ಡ ಮಾಡುವ ಡೆಲ್ಲಾ ಪ್ರೋಟೀನುಗಳೇ ಸಾರಜನಕ ಹೀರುವುದನ್ನೂ ತಗ್ಗಿಸುತ್ತವೆ. ಅಂದರೆ ಗಿಡ್ಡ ತಳಿಗೆ ಗೊಬ್ಬರ ಜಾಸ್ತಿ ಬೇಕು. ಜಗತ್ತಿನ ಒಟ್ಟು ಶಕ್ತಿ ಬಳಕೆಯಲ್ಲಿ ಒಂದರಿಂದ ಎರಡು ಶೇಕಡಾ ಅಮೋನಿಯ ತಯಾರಿಗೇ ಹೋಗುತ್ತದೆ ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ.

ಡೇಟಾಹುಳ

ಮೇಡಂ ಹೇಳಿದ್ದು ನಿಜ, ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಡೆಲ್ಲಾಗೆ ಎದುರು ನಿಲ್ಲುವ ಜಿಆರ್‌ಎಫ್4 ಅನ್ನೋ ಜೀನ್ ಭತ್ತದಲ್ಲಿ ಸಿಕ್ಕಿತು, 2018ರಲ್ಲಿ ಪ್ರಕಟವಾಯಿತು. ಅದರ ಮಟ್ಟ ಏರಿಸಿದರೆ ಗಿಡ ಗಿಡ್ಡವಾಗೇ ಇರುತ್ತದೆ, ಸಾರಜನಕ ಹೀರೋದು ಮಾತ್ರ ಸುಧಾರಿಸುತ್ತದೆ. ಸಿಕ್ಕಿದ್ದು ತಳಿಗಳನ್ನು ಕ್ರಾಸ್ ಮಾಡಿ, ಡಿಎನ್‌ಎ ಗುರುತು ಹಿಡಿದು ಹುಡುಕಿದ್ದರಿಂದ, ಸುಮ್ಮನೆ ಗದ್ದೆ ನೋಡಿದ್ದರಿಂದ ಅಲ್ಲ.

ಇನ್ನೂ ಒಂದು ಉದಾಹರಣೆ. ಎಂಎಲ್‌ಒ ಜೀನ್ ಕೆಡಿಸಿದರೆ ಗೋಧಿಗೆ ಬೂದಿರೋಗ ಬರೋದಿಲ್ಲ. ಗೋಧಿಯಲ್ಲಿ ಮೂರು ಜೀನೋಮ್ ಇರೋದರಿಂದ ಮೂರರಲ್ಲೂ ಒಟ್ಟಿಗೆ ಕೆಡಿಸಬೇಕು. ಚೀನಾದ ಲ್ಯಾಬ್ ಒಂದು 2014ರಲ್ಲಿ ಮಾಡಿ ತೋರಿಸಿತು. ರೋಗ ನಿಂತಿತು, ಜೊತೆಗೆ ಬೆಳವಣಿಗೆಯೂ ಕುಗ್ಗಿತು. ನೋಡಿ, ಮೇಡಂ ಅವರ ಬೆಲೆ ಇಲ್ಲೂ ಬಂತು! ಆದರೆ ಆ ಸಾಲಿನ ಒಂದು ಗಿಡ ಮಾತ್ರ ಚೆನ್ನಾಗಿಯೇ ಬೆಳೆಯಿತು. ಯಾಕೆ ಅಂತ ಹುಡುಕಿದರೆ ಅದರಲ್ಲಿ ಎಂಎಲ್‌ಒ ಪಕ್ಕದ ದೊಡ್ಡ ತುಂಡೊಂದು ಹಾರಿಹೋಗಿ, ನೆರೆಯ ಇನ್ನೊಂದು ಜೀನ್ ಚುರುಕಾಗಿತ್ತು. 2022ರಲ್ಲಿ ಅದು ಪ್ರಕಟವಾಯಿತು. ರೋಗವೂ ಇಲ್ಲ, ನಷ್ಟವೂ ಇಲ್ಲ. ಎಲ್ಲದಕ್ಕೂ ಬೆಲೆ ಕಟ್ಟಲೇಬೇಕು ಅನ್ನೋದನ್ನು ನಿಯಮ ಮಾಡಿಕೊಳ್ಳಬೇಡಿ.

ಬೇರುಗಂಟು

ಒಪ್ಪಿದೆ. ಆದರೆ "ಆ ಒಂದು ಗಿಡ ಚೆನ್ನಾಗಿ ಬೆಳೆದಿದೆಯಲ್ಲ" ಅಂತ ಯಾರೋ ಗಿಡ ನೋಡಿದ್ದರಿಂದಲೇ ಅದು ಸಿಕ್ಕಿದ್ದು ಅನ್ನೋದನ್ನು ಮರೆಯಬೇಡಿ. :-)

ನಾರಿನವ

ಇಷ್ಟು ಹೊತ್ತು ಬರೀ ಕಾಳಿನ ಮಾತೇ ಆಯಿತು. ನಾನು ನಾರು, ಪಲ್ಪ್ ಕಡೆಯ ರಸಾಯನಶಾಸ್ತ್ರದವನು. ಗಿಡದ ಬಗ್ಗೆ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ.

ವಸ್ತುಗಳ ಕಡೆ ಬರುವವರು ಓದಬೇಕಾದ ಮೊದಲ ವಿಷಯ ಕೋಶಭಿತ್ತಿ. ಭೂಮಿಯ ಮೇಲೆ ಜೀವಿಗಳು ಮಾಡುವ ಪಾಲಿಮರ್‌ಗಳಲ್ಲಿ ಅತಿ ಹೆಚ್ಚು ಇರೋದು ಸೆಲ್ಯುಲೋಸ್, ಅದು ಕೂತಿರೋದು ಅಲ್ಲೇ. ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ, ಬೀಜದ ಸಿಪ್ಪೆಯಿಂದ ಹೊರಟದ್ದು. ಹೂ ಅರಳಿದ ಮೇಲೆ ಸುಮಾರು ಮೂರು ವಾರ ಉದ್ದ ಬೆಳೆಯುತ್ತದೆ, ಆಮೇಲೆ ಒಳಗೆ ಪದರ ಪದರವಾಗಿ ಸೆಲ್ಯುಲೋಸ್ ಕಟ್ಟಿಕೊಳ್ಳುತ್ತದೆ. ಕೊನೆಗೆ ಜೀವ ಹೋಗಿ ಒಣಗಿ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಎಳೆ ಎಳೆಗೆ ಹಿಡಿದು ನೂಲಾಗೋದು.

ಅಗಸೆ ಬೇರೆ. ಅದರ ನಾರು ಕಾಂಡದ ತೊಗಟೆಯಲ್ಲಿ ಕಟ್ಟುಕಟ್ಟಾಗಿ ಇರುತ್ತದೆ, ಪೆಕ್ಟಿನ್ ಅಂಟಿನಿಂದ ಹಿಡಿದಿರುತ್ತದೆ. ಕೊಯ್ದ ಕಾಂಡವನ್ನು ನೀರಿನಲ್ಲೋ ಇಬ್ಬನಿಗೋ ಬಿಟ್ಟು ಕೊಳೆಸಬೇಕು. ಸೂಕ್ಷ್ಮಜೀವಿಗಳು ಪೆಕ್ಟಿನ್ ತಿಂದುಹಾಕುತ್ತವೆ, ನಾರು ಬಿಡುತ್ತದೆ. ಬೇಗ ತೆಗೆದರೆ ನಾರು ಕಟ್ಟಿಗೆಗೆ ಕಚ್ಚಿಕೊಂಡೇ ಇರುತ್ತದೆ. ತಡವಾದರೆ ಅವೇ ಸೂಕ್ಷ್ಮಜೀವಿಗಳು ಸೆಲ್ಯುಲೋಸ್‌ಗೂ ಕೈಹಾಕುತ್ತವೆ, ನಾರು ಪುಸುಕ್ಕನೆ ಹರಿಯುತ್ತದೆ. ಹದ ನೋಡುವುದು ಕೈಯಿಂದಲೇ. ಒಂದು ಒಣ ಕಾಂಡ ತಗೊಂಡು ಎರಡು ಮೂರು ಕಡೆ ಮುರಿಯಿರಿ. ಒಳಗಿನ ಕಟ್ಟಿಗೆ ಚೂರುಗಳು ಅಂಟಿಕೊಳ್ಳದೆ ಉದುರಿ, ನಾರು ಉದ್ದಕ್ಕೆ ಪಟ್ಟಿಯಾಗಿ ಬಂದರೆ ಹದ ಬಂದಿದೆ ಅಂತ. ಪೆಕ್ಟಿನ್ ಒಡೆಯುವ ಕಿಣ್ವಗಳ ಮೇಲೆ ಎಷ್ಟೋ ಸಂಶೋಧನೆ ಆಗಿದೆ, ಈ ಮುರಿದು ನೋಡುವ ಪರೀಕ್ಷೆ ಇನ್ನೂ ಹೋಗಿಲ್ಲ.

ಇನ್ನು ಲಿಗ್ನಿನ್. ಕಾಂಡವನ್ನು ಗಟ್ಟಿಯಾಗಿ ನಿಲ್ಲಿಸುವುದು, ನೀರಿನ ಕೊಳವೆ ಕುಸಿಯದ ಹಾಗೆ ನೋಡಿಕೊಳ್ಳುವುದು ಅದೇ. ಕಾಗದ ಮಾಡುವವರಿಗೆ ಮಾತ್ರ ಅದು ಶತ್ರು. ಸೆಲ್ಯುಲೋಸ್ ಬಿಡಿಸಬೇಕಾದರೆ ಬಿಸಿ ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ಕರಗಿಸಬೇಕು, ಕರಗಿದ್ದನ್ನು ಕಾರ್ಖಾನೆಯಲ್ಲೇ ಉರಿಸಿ ಶಕ್ತಿ ಮಾಡಿಕೊಳ್ಳುತ್ತಾರೆ.

ಚಿಗುರೆಲೆ

ಸರ್, ಹಾಗಾದರೆ ಲಿಗ್ನಿನ್ ಕಡಿಮೆ ಇರುವ ಗಿಡ ಬೆಳೆಸಿದರೆ ಆಯಿತಲ್ವಾ? ಕ್ಷಾರವೂ ಉಳಿಯಿತು, ಶಕ್ತಿಯೂ ಉಳಿಯಿತು.

ತಳಿಗಾರ

ಮೆಕ್ಕೆಜೋಳದಲ್ಲಿ ಅಂಥ ಗಿಡ ತಾನಾಗೇ ಹುಟ್ಟಿದೆ, 1920ರ ದಶಕದಿಂದ ಗೊತ್ತು. ಎಲೆಯ ನಡುನರ ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ, ಹೊಲದಲ್ಲಿ ನಡೆದುಕೊಂಡು ಹೋದರೇ ಗುರುತು ಸಿಗುತ್ತದೆ. ಲಿಗ್ನಿನ್ ಕಡಿಮೆ, ದನಗಳಿಗೆ ಮೇವು ಚೆನ್ನಾಗಿ ಜೀರ್ಣವಾಗುತ್ತದೆ. ಆದರೆ ಗಾಳಿಗೆ ಮಲಗುವುದು ಜಾಸ್ತಿ, ಇಳುವರಿಯೂ ತುಸು ಕಡಿಮೆ. ಮೇವಿಗೆ ಬೆಳೆಯುವವರು ಲೆಕ್ಕ ಹಾಕಿ ಹಾಕುತ್ತಾರೆ, ಕಾಳಿಗೆ ಬೆಳೆಯುವವರು ಮುಟ್ಟೋದಿಲ್ಲ.

ನಾರಿನವ

ಅದಕ್ಕೇ ನನಗೆ 2014ರಲ್ಲಿ ಬಂದ ಪೋಪ್ಲರ್ ಮರದ ಕೆಲಸ ಬಹಳ ಇಷ್ಟ. ಲಿಗ್ನಿನ್ ಕಡಿಮೆ ಮಾಡೋಕೆ ಹೋಗಲಿಲ್ಲ ಅವರು. ಅದನ್ನು ಕಟ್ಟುವಾಗಲೇ ನಡುನಡುವೆ ಎಸ್ಟರ್ ಕೊಂಡಿಗಳನ್ನು ಸೇರಿಸಿದರು. ಏಂಜೆಲಿಕಾ ಜಾತಿಯ ಒಂದು ಗಿಡದಿಂದ ಅದಕ್ಕೆ ಬೇಕಾದ ಜೀನ್ ತಂದರು. ಮರ ನಿಂತಿರುವಾಗ ಎಂದಿನ ಹಾಗೇ ಗಟ್ಟಿ. ಕಡಿದು ಹದವಾದ ಕ್ಷಾರಕ್ಕೆ ಹಾಕಿದರೆ ಆ ಕೊಂಡಿಗಳಲ್ಲಿ ತುಂಡಾಗುತ್ತದೆ. ಇದನ್ನು ಯೋಚಿಸಲು ಸಾವಯವ ರಸಾಯನ ಗೊತ್ತಿರಬೇಕು, ಮರ ಲಿಗ್ನಿನ್ ಯಾಕೆ ಮಾಡುತ್ತದೆ ಅಂತಲೂ ಗೊತ್ತಿರಬೇಕು. ಒಂದೇ ಗೊತ್ತಿದ್ದವರಿಗೆ ಹೊಳೆಯೋದಲ್ಲ.

ಸುಮ್ನೆ_ಕೇಳ್ದೆ

ಗಿಡದಿಂದ ಮಾಡಿದ ಪ್ಲಾಸ್ಟಿಕ್ ಅಂತ ಬರೆದ ಲೋಟ ಮಣ್ಣಿಗೆ ಹಾಕಿದರೆ ಕರಗುತ್ತದಾ ಸರ್? ಅದೂ ಪ್ರಚಾರನಾ?

ನಾರಿನವ

ಅರ್ಧ ಪ್ರಚಾರ. ಅಂಥ ಲೋಟ ಹೆಚ್ಚಾಗಿ ಪಿಎಲ್‌ಎ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದನ್ನು ಪೋಣಿಸಿದ್ದು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಕರಗುತ್ತದೆ. ತೋಟದ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಅದೇ ಹೊತ್ತಿಗೆ ಪೆಟ್ರೋಲಿಯಂನಿಂದಲೇ ಮಾಡಿದ ಪಿಬಿಎಟಿಯಂಥ ಕೆಲವು ಪ್ಲಾಸ್ಟಿಕ್‌ಗಳನ್ನು ಸೂಕ್ಷ್ಮಜೀವಿಗಳು ತಿನ್ನಬಲ್ಲವು. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅನ್ನೋದು ಎರಡು ಬೇರೆ ಪ್ರಶ್ನೆ. ನಮ್ಮ ಕ್ಷೇತ್ರದವರೇ ಬೇಕಂತ ಬೆರೆಸಿ ಮಾತಾಡುತ್ತಾರೆ, ನನಗೆ ಕೋಪ ಬರೋದು ಅಲ್ಲಿ.

ಜೀನ್ ಎಡಿಟಿಂಗ್ ಕನಸು ಕಾಣುವವರಿಗೆ ಹರಳಿನ ಕಥೆಯನ್ನೂ ಹೇಳಿಬಿಡುತ್ತೇನೆ. ಹರಳೆಣ್ಣೆಯ ಸುಮಾರು 85ರಿಂದ 90% ರಿಸಿನೊಲಿಯಿಕ್ ಆಮ್ಲ. ನೈಲಾನ್ 11 ಮಾಡೋದು ಅದರಿಂದಲೇ. ಹರಳು ಬೀಜದಲ್ಲಿ ರೈಸಿನ್ ವಿಷ ಇದೆ, ಅದಕ್ಕೆ ಇದೇ ಎಣ್ಣೆಯನ್ನು ಬೇರೆ ಗಿಡದಲ್ಲಿ ಮಾಡಿಸೋಣ ಅಂತ ಹರಳಿನ ಮುಖ್ಯ ಜೀನ್ ತೆಗೆದು ಅರಬಿಡಾಪ್ಸಿಸ್‌ಗೆ ಹಾಕಿದರು. ಬಂದದ್ದು ಹೆಚ್ಚೆಂದರೆ 17% ಆಸುಪಾಸು! ಆಮ್ಲ ಮಾಡಿದರೆ ಸಾಲದು, ಅದನ್ನು ಎಣ್ಣೆಯಾಗಿ ಜೋಡಿಸುವ ಕಿಣ್ವಗಳೂ ಹರಳಿನವೇ ಬೇಕು. ಅಂಥದ್ದೊಂದನ್ನು ಸೇರಿಸಿದ ಮೇಲೆ ಏರಿತು, ಆದರೂ ಹರಳಿನ ಹತ್ತಿರಕ್ಕೂ ಬರಲಿಲ್ಲ.

ತಳಿಗಾರ

ರಬ್ಬರನ್ನೂ ಸೇರಿಸಿ ಸರ್. ಜಗತ್ತಿನ ಸಹಜ ರಬ್ಬರು ಹೆಚ್ಚುಕಡಿಮೆ ಎಲ್ಲಾ ಹೆವಿಯಾ ಅನ್ನೋ ಒಂದೇ ಮರದ ಮೇಲೆ ನಿಂತಿದೆ. ಅದರ ತವರು ಅಮೆಜಾನ್, ಆದರೆ ದಕ್ಷಿಣ ಅಮೆರಿಕದಲ್ಲಿ ಎಲೆ ಅಂಗಮಾರಿಯಿಂದ ದೊಡ್ಡ ತೋಟ ನಿಲ್ಲೋದಿಲ್ಲ. ಹೆನ್ರಿ ಫೋರ್ಡ್ 1928ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಊರನ್ನೇ ಕಟ್ಟಿ ರಬ್ಬರ್ ಹಾಕಿಸಿದ, ರೋಗ ತೋಟಗಳನ್ನು ತಿಂದುಹಾಕಿತು. ಆ ರೋಗ ಏಷ್ಯಾಕ್ಕೆ ಬಂದರೆ ಅನ್ನೋ ಭಯ ಇದ್ದೇ ಇದೆ. ಅದಕ್ಕೇ ಒಣನೆಲದಲ್ಲಿ ಬೆಳೆಯುವ ಗ್ವಾಯೂಲೆ, ಬೇರಿನಲ್ಲಿ ರಬ್ಬರ್ ಹಾಲು ಇರುವ ರಷ್ಯನ್ ದಂಡೇಲಿಯನ್ ಮೇಲೆ ಕೆಲಸ ನಡೆದಿರೋದು. ದಂಡೇಲಿಯನ್ ರಬ್ಬರಿನ ಸೈಕಲ್ ಟೈರ್ ಮಾರುಕಟ್ಟೆಗೂ ಬಂದಿದೆ. ತಳಿ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇರುವ ಗಿಡ ಅದು, ಹೊಸಬರಿಗೆ ಜಾಗ ಇದೆ.

ಚಿಗುರೆಲೆ

ಎಷ್ಟೊಂದು ವಿಷಯ! ಇಲ್ಲಿಯವರೆಗೆ ಓದಿದ್ದರಲ್ಲಿ ನನಗೆ ಹಿಡಿಸಿದ್ದು "ಇಂಗಾಲ ಎಲ್ಲಿಗೆ ಹೋಯಿತು" ಅನ್ನೋದು. ಆದರೆ ಅದನ್ನು ಇಟ್ಟುಕೊಂಡು ಒಂದು ಒಳ್ಳೆಯ ಬೆಳೆ ಹೊಲಕ್ಕೆ ಬಂದಿದೆಯಾ? ಅಥವಾ ಎಲ್ಲಾ ಪೇಪರ್‌ನಲ್ಲೇ ಇದೆಯಾ?

ತಳಿಗಾರ

ಬಂದಿದೆ. ಗದ್ದೆಯಲ್ಲಿ ನೆರೆ ನಿಂತರೆ ಸಾಮಾನ್ಯ ಭತ್ತ ಏನು ಮಾಡುತ್ತದೆ? ನೀರಿನ ಮೇಲೆ ತಲೆ ಎತ್ತಲು ಸರಸರನೆ ಉದ್ದ ಬೆಳೆಯುತ್ತದೆ. ಅದಕ್ಕೆ ಕೂಡಿಟ್ಟ ಸಕ್ಕರೆಯನ್ನೆಲ್ಲ ಖರ್ಚು ಮಾಡುತ್ತದೆ. ನೀರು ಇಳಿಯುವ ಹೊತ್ತಿಗೆ ಕೈ ಖಾಲಿ, ಕುಸಿದು ಸಾಯುತ್ತದೆ. ಒಡಿಶಾದ ಎಫ್‌ಆರ್13ಎ ಅನ್ನೋ ಹಳೇ ಭತ್ತ ಹಾಗೆ ಮಾಡೋದಿಲ್ಲ. ನೀರಿನಡಿ ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಇರುತ್ತದೆ. ಎರಡು ವಾರದ ಹತ್ತಿರ ಮುಳುಗಿದ್ದರೂ ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಹೀಗೆ ತಡೆಹಿಡಿಯುವ ಸಬ್1ಎ ಜೀನ್ ಯಾವುದು ಅಂತ 2006ರಲ್ಲಿ ಗೊತ್ತಾಯಿತು. ರೈತರು ಆಗಲೇ ಮೆಚ್ಚಿದ್ದ ಸ್ವರ್ಣ ತಳಿಗೆ ಅದನ್ನು ಕ್ರಾಸ್ ಮಾಡಿಯೇ ಸೇರಿಸಿದರು, ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತು ನೋಡಿ ಆರಿಸಿಕೊಂಡರು. ಸ್ವರ್ಣ ಸಬ್1 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಉಳಿದ ಗುಣ ಎಲ್ಲಾ ಸ್ವರ್ಣದ್ದೇ, ಅದಕ್ಕೇ ರೈತರು ಒಪ್ಪಿದ್ದು.

ಬೇರುಗಂಟು

ಇದರ ಇನ್ನೊಂದು ಮುಖ ಗೊತ್ತೇ? ತಿಂಗಳುಗಟ್ಟಲೆ ಆಳದ ನೀರು ನಿಲ್ಲುವ ಕಡೆ ಬೆಳೆಯುವ ಭತ್ತಗಳು ನೇರ ಉಲ್ಟಾ ಮಾಡುತ್ತವೆ. ನೀರು ಏರಿದ ಹಾಗೆ ತಾವೂ ಮೀಟರುಗಟ್ಟಲೆ ಏರುತ್ತವೆ. ಅದನ್ನು ಮಾಡಿಸುವ ಜೀನ್‌ಗಳಿಗೆ ಸ್ನಾರ್ಕೆಲ್ ಅಂತ ಹೆಸರು, 2009ರಲ್ಲಿ ಗುರುತಿಸಿದರು. ಸ್ವಾರಸ್ಯ ಏನಂದರೆ ಸ್ನಾರ್ಕೆಲ್, ಸಬ್1ಎ ಒಂದೇ ಕುಟುಂಬದ ಜೀನ್‌ಗಳು. ಎರಡೂ ಓಗೊಡುವುದು ಎಥಿಲೀನ್ ಅನ್ನೋ ಹಾರ್ಮೋನಿಗೇ. ಒಂದು "ಖರ್ಚು ಮಾಡು, ಏಳು" ಅನ್ನುತ್ತದೆ, ಇನ್ನೊಂದು "ಖರ್ಚು ಮಾಡಬೇಡ, ಕೂರು" ಅನ್ನುತ್ತದೆ. ನೆರೆ ಎಷ್ಟು ದಿನ ನಿಲ್ಲುತ್ತದೆ ಅನ್ನೋದರ ಮೇಲೆ ಯಾವುದು ಸರಿ ಅಂತ ತೀರ್ಮಾನ. "ನೆರೆ ತಡೆಯುವ ಜೀನ್" ಅಂತ ಒಂದೇ ಇಲ್ಲ. ಇದನ್ನು ನಾನು ಮೊದಲ ತರಗತಿಯಲ್ಲೇ ಹೇಳುತ್ತೇನೆ.

ಸಾರಜನಕದ ಮಾತೂ ಹೀಗೇ. ದ್ವಿದಳ ಗಿಡದ ಬೇರುಗಂಟಿನಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತದೆ, ನಿಜ. ಪುಕ್ಕಟೆ ಅಲ್ಲ. ಒಂದು ಸಾರಜನಕದ ಅಣು ಒಡೆಯಲು 16 ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಬೇಕು, ಅದಕ್ಕೆ ಸಕ್ಕರೆ ಗಿಡವೇ ಕೊಡಬೇಕು. ಯೂರಿಯಾ ಹಾಕಿದರೆ ಗಿಡ ಗಂಟು ಕಟ್ಟೋದನ್ನೇ ಕಡಿಮೆ ಮಾಡುತ್ತದೆ. ಯಾಕೆ ಕೊಡಬೇಕು, ಅಲ್ವಾ?

@ಚಿಗುರೆಲೆ, ಹೂ ಬಿಡುವ ಹೊತ್ತಿನ ಹೆಸರು ಅಥವಾ ಸೋಯಾ ಗಿಡ ಸಿಕ್ಕರೆ ಬೇರು ಸಮೇತ ಅಗೆಯಿರಿ. ಎಳೆದು ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿಯುತ್ತವೆ. ಒಂದು ಗಂಟನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೀತಿದೆ. ಆ ಬಣ್ಣ ಲೆಗ್‌ಹಿಮೊಗ್ಲೋಬಿನ್‌ನದು, ನಮ್ಮ ರಕ್ತದ ಹಿಮೊಗ್ಲೋಬಿನ್‌ನ ನೆಂಟ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ, ಬ್ಯಾಕ್ಟೀರಿಯಾಗೆ ಉಸಿರಾಡಲು ಆಮ್ಲಜನಕ ಬೇಕು. ಎರಡನ್ನೂ ಇದು ಸಂಭಾಳಿಸುತ್ತದೆ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಅಥವಾ ಒಳಗಿರುವ ಬ್ಯಾಕ್ಟೀರಿಯಾ ಕೆಲಸದ್ದಲ್ಲ. ಹಸಿರು, ಕಂದು ಆಗಿದ್ದರೆ ಮುಗಿದಿದೆ. ಒಂದು ಹೊಲದ ಗೊಬ್ಬರದ ಸ್ಥಿತಿಯನ್ನು ಇಷ್ಟು ಬೇಗ ಹೇಳುವ ಯಂತ್ರ ನಾನು ನೋಡಿಲ್ಲ.

ಡೇಟಾಹುಳ

ಮೆಕ್ಸಿಕೋದ ಸಿಯೆರಾ ಮಿಕ್ಸೆ ಮೆಕ್ಕೆಜೋಳ ಮರೀಬೇಡಿ. ಕಾಂಡದ ಮೇಲಿನ ಗಾಳಿಬೇರುಗಳಿಂದ ಲೋಳೆ ತೊಟ್ಟಿಕ್ಕುತ್ತದೆ, ಅದರೊಳಗಿನ ಬ್ಯಾಕ್ಟೀರಿಯಾ ಸಾರಜನಕ ಹಿಡಿಯುತ್ತವೆ. ಗಿಡದ ಸಾರಜನಕದಲ್ಲಿ 29ರಿಂದ 82% ಗಾಳಿಯಿಂದಲೇ ಬಂದಿದೆ ಅಂತ 2018ರಲ್ಲಿ ಅಳೆದು ತೋರಿಸಿದರು. ಆ ಲೋಳೆ ಪೂರಾ ಸಕ್ಕರೆ. ಮೇಡಂ ಕೇಳೋ ಮೊದಲೇ ಹೇಳಿಬಿಡ್ತೀನಿ: ಹೌದು, ಗಿಡವೇ ಕೊಡ್ತಿದೆ, ಮತ್ತು ಆ ಜೋಳ ಕೊಯ್ಲಿಗೆ ಬರೋಕೆ ಬಹಳ ತಿಂಗಳು ಬೇಕು.

ಬೇರುಗಂಟು

ಹಹ್ಹಾ. ನೀವೂ ನಮ್ಮ ಕಡೆಗೆ ಬರ್ತಾ ಇದ್ದೀರಿ.

ಚಿಗುರೆಲೆ

ನನ್ನ ತಲೆಯಲ್ಲಿ ಈಗ ಒಂದು ಯೋಚನೆ ಬಂದಿದೆ, ಸರಿಯಾ ಹೇಳಿ. ಕಾಂಡ. ಅದು ಗಟ್ಟಿ ಇದ್ದರೆ ಬೆಳೆ ಮಲಗೋದಿಲ್ಲ, ಗಟ್ಟಿ ಇದ್ದರೆ ನಾರು ಬಿಡಿಸೋದು ಕಷ್ಟ. ಆಹಾರದವರಿಗೂ ವಸ್ತುವಿನವರಿಗೂ ಅದೇ ಜಗಳ. ಸ್ನಾತಕೋತ್ತರದ ಪ್ರಾಜೆಕ್ಟ್ ಅದರ ಮೇಲೆ ಮಾಡಿದರೆ? ಅಗಸೆ ತಗೊಳ್ಳೋಣ ಅಂತ. ಬೀಜವೂ ಇದೆ, ನಾರೂ ಇದೆ.

ತಳಿಗಾರ

ಒಳ್ಳೆ ಆಯ್ಕೆ. ಅಗಸೆ ಒಂದೇ ಜಾತಿ, ಆದರೆ ತಳಿಗಳು ಎರಡು ಕಡೆಗೆ ಹೋಗಿವೆ. ಬೀಜದ ತಳಿ ಗಿಡ್ಡ, ಕವಲು ಜಾಸ್ತಿ, ಕಾಯಿ ಜಾಸ್ತಿ. ನಾರಿನ ತಳಿ ಎತ್ತರ, ತುದಿಯಲ್ಲಿ ಮಾತ್ರ ಕವಲು, ಒತ್ತಾಗಿ ಬಿತ್ತುತ್ತಾರೆ. ಒತ್ತಾಗಿ ಬಿತ್ತಿದರೆ ಕಾಂಡ ಸಪೂರ, ನಾರು ನಯ. ಜೊತೆಗೆ ಮಲಗುವ ಕಾಟವೂ ಜಾಸ್ತಿ. ಎರಡೂ ತಳಿ ಪಕ್ಕಪಕ್ಕ ಬಿತ್ತಿ, ಒಂದೇ ದಿನ ಕಾಂಡ ಕೊಯ್ದು ಹೋಲಿಸಿ. ಎಷ್ಟು ಒಣತೂಕ ಬೀಜಕ್ಕೆ, ಎಷ್ಟು ನಾರಿಗೆ, ಎಷ್ಟು ಕಟ್ಟಿಗೆಗೆ ಹೋಯಿತು ಅಂತ ತಕ್ಕಡಿ ಒಂದಿದ್ದರೆ ತಿಳಿಯುತ್ತದೆ. ವಿಭಾಗ ಆರಿಸುವಾಗ ಅವರಿಗೆ ಸ್ವಂತ ಪ್ರಯೋಗದ ಹೊಲ ಇದೆಯಾ, ಅದಕ್ಕೆ ನೀವೇ ಹೋಗೋಕೆ ಬಿಡ್ತಾರಾ ಅಂತ ಮೊದಲು ವಿಚಾರಿಸಿ. ಹೊಳೆಯುವ ಯಂತ್ರ ಆಮೇಲೆ ನೋಡಿದರೂ ನಡೆಯುತ್ತದೆ.

ಡೇಟಾಹುಳ

ಅಗಸೆಯ ಜೀನೋಮ್ 2012ರಲ್ಲೇ ಬಂದಿದೆ, ಆ ಕಡೆ ಕೆಲಸಕ್ಕೂ ಅಡ್ಡಿ ಇಲ್ಲ. ಅಂಕಿಅಂಶ ಶಾಸ್ತ್ರ ಮಾತ್ರ ಬಿಡಬೇಡಿ. ಎಷ್ಟು ಗಿಡ ಅಳೆಯಬೇಕು, ತಾಕುಗಳನ್ನು ಹೇಗೆ ಹಂಚಬೇಕು ಅನ್ನೋದನ್ನು ಬಿತ್ತುವ ಮೊದಲೇ ನಿರ್ಧರಿಸಬೇಕು. ಕೊಯ್ದ ಮೇಲೆ ನನ್ನಂಥವರ ಹತ್ತಿರ ಬಂದರೆ ಏನೂ ಮಾಡೋಕಾಗಲ್ಲ.

ನಾರಿನವ

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಮಾಡಿ ನೋಡಿ, ಈಗಿರುವ ಕಾಲೇಜಿನಲ್ಲೇ ಆಗುತ್ತದೆ. ಅಗಸೆ ಕಾಂಡ, ಸೆಣಬಿನ (ಜೂಟ್) ಕಾಂಡ ಎರಡನ್ನೂ ಬ್ಲೇಡಿನಿಂದ ಅಡ್ಡ ತೆಳ್ಳಗೆ ಸೀಳಿ. ಫ್ಲೋರೊಗ್ಲುಸಿನಾಲ್ ಅನ್ನೋ ರಾಸಾಯನಿಕ ಹಾಕಿ, ಮೇಲೆ ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಬಿಡಿ. ಲಿಗ್ನಿನ್ ಇದ್ದ ಕಡೆ ಕೆಂಪಾಗುತ್ತದೆ. ಅಗಸೆಯಲ್ಲಿ ನಡುವಿನ ಕಟ್ಟಿಗೆ ಉಂಗುರ ಕೆಂಪು, ಹೊರಗಿನ ನಾರಿನ ಕಟ್ಟುಗಳು ಬಹುತೇಕ ಬಣ್ಣ ಹಿಡಿಯೋದಿಲ್ಲ. ಸೆಣಬಿನಲ್ಲಿ ನಾರೂ ಕೆಂಪಾಗುತ್ತದೆ. ಅಗಸೆ ಬಟ್ಟೆ ಮೆತ್ತಗೆ, ಸೆಣಬಿನ ಚೀಲ ಒರಟು, ಬಿಸಿಲಿಗೆ ಹಳದಿ ತಿರುಗೋದು ಯಾಕೆ ಅಂತ ಆ ಎರಡು ಸೀಳಿನಲ್ಲೇ ಕಾಣುತ್ತದೆ.

ಚಿಗುರೆಲೆ

ಸರ್, ಸೋಮವಾರ ಲ್ಯಾಬ್ ಇದೆ, ನಮ್ಮ ಲ್ಯಾಬಿನ ಮೇಡಂ ಹತ್ತಿರ ಕೇಳಿ ಮಾಡುತ್ತೇನೆ. ಬಣ್ಣ ಬರೋಕೆ ಎಷ್ಟು ಹೊತ್ತು ಬೇಕು?

ನಾರಿನವ

ಕೆಲವೇ ನಿಮಿಷ. ಬಹಳ ಹೊತ್ತು ನಿಲ್ಲೋದಿಲ್ಲ, ಮಾಸಿಬಿಡುತ್ತದೆ. ಫೋಟೊ ಬೇಗ ತೆಗೀರಿ. ಆಮ್ಲದ ಕೆಲಸ ಫ್ಯೂಮ್ ಹುಡ್ ಒಳಗೇ ಇರಲಿ, ಕವರ್‌ಸ್ಲಿಪ್ ಹಾಕದೆ ಸೂಕ್ಷ್ಮದರ್ಶಕದ ಕೆಳಗೆ ಇಡಬೇಡಿ. ಆವಿ ತಾಗಿದರೆ ಲೆನ್ಸ್ ಹಾಳು, ನಿಮ್ಮ ಲ್ಯಾಬಿನವರು ಮತ್ತೆ ಒಳಗೆ ಬಿಡೋದಿಲ್ಲ.